ಮೋಟಾರು ಸುಟ್ಟ ಕಡೆಯಿಂದ ಶುರು ಮಾಡಿ

ಪ್ರಿಯ ಲೇಖಕರೇ,

ನಮಸ್ಕಾರ. ‘ಆಧುನಿಕ ಪವರ್ ಎಲೆಕ್ಟ್ರಾನಿಕ್ಸ್: ಸವಾಲು ಮತ್ತು ಸಾಧನೆ’ ಎಂಬ ನಿಮ್ಮ ಲೇಖನ ಮಂಡ್ಯದಿಂದ ಬಂದು ತಲುಪಿದೆ. ಸುತ್ತಿ ಬಳಸುವುದು ಬೇಡ: ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕುವುದಿಲ್ಲ. ಬರೀ ಇಷ್ಟೇ ಹೇಳುವುದಿದ್ದರೆ ಒಂದು ಕಾರ್ಡು ಸಾಕಿತ್ತು. ಉದ್ದದ ಪತ್ರ ಬರೆಯುತ್ತಿರುವುದು ನಿಮ್ಮ ಒಂಬತ್ತನೇ ಪುಟದ ಎಂಟು ಸಾಲಿಗಾಗಿ.

ಆ ಎಂಟು ಸಾಲಿನಲ್ಲಿ ನೀವು ಹೇಳಿದ್ದು ಇಷ್ಟು. ನಾಗಮಂಗಲದ ಕಡೆ ಒಬ್ಬ ರೈತರ ಹೊಲದಲ್ಲಿ ಹಳೇ ಸೋಲಾರ್ ಪಂಪ್ ಕಂಟ್ರೋಲರ್ ತೆಗೆದು ಸಿಲಿಕಾನ್ ಬದಲು ಸಿಲಿಕಾನ್ ಕಾರ್ಬೈಡ್ ಎಂಬ ಅರೆವಾಹಕದ ಸ್ವಿಚ್ಚುಗಳಿರುವ ಹೊಸದನ್ನು ಕೂರಿಸಿದಿರಿ. ಡಬ್ಬ ಚಿಕ್ಕದಾಯಿತು, ಮುಟ್ಟಿದರೆ ತಣ್ಣಗಿತ್ತು. ಆದರೆ ಬೋರಿನೊಳಗಿನ ಮೋಟಾರು ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಕಂಟ್ರೋಲರ್ ಪಕ್ಕಕ್ಕೆ ಒಂದು ಫಿಲ್ಟರ್ ಹಾಕಿದ ಮೇಲೆ ಸುಡುವುದು ನಿಂತಿತು. ಮರು ಸಾಲಿಗೇ ‘ಹೀಗೆ ತಂತ್ರಜ್ಞಾನ ಮುನ್ನಡೆಯುತ್ತಿದೆ’ ಎಂದು ಹೊರಟುಬಿಟ್ಟಿದ್ದೀರಿ. ಅಲ್ಲ ಸ್ವಾಮಿ, ಹೊಸ ಡಬ್ಬ ಚೆನ್ನಾಗಿದ್ದರೆ ಮೋಟಾರು ಯಾಕೆ ಸುಟ್ಟಿತು? ಓದುಗರು ಕುರ್ಚಿ ಎಳೆದುಕೊಂಡು ಕೂರುವ ಹೊತ್ತಿಗೆ ನೀವು ಎದ್ದು ಹೋದಿರಿ.

ಅದಕ್ಕೆ ಉತ್ತರ ನಿಮಗೆ ಗೊತ್ತಿದೆ, ಇಲ್ಲದಿದ್ದರೆ ಫಿಲ್ಟರ್ ಹಾಕುತ್ತಿರಲಿಲ್ಲ. ಆ ಉತ್ತರವನ್ನೇ ಬಿಡಿಸಿ ಬರೆಯಿರಿ. ಕಂಟ್ರೋಲರಿನೊಳಗೆ ಡಿಸಿಯನ್ನು ಎಸಿ ಮಾಡುವ ಭಾಗವೇ ಇನ್ವರ್ಟರ್. 415 ವೋಲ್ಟಿನ ತ್ರೀ ಫೇಸ್ ಮೋಟಾರು ಓಡಿಸುವ ಇನ್ವರ್ಟರಿನೊಳಗಿನ ಡಿಸಿ ಹೆಚ್ಚುಕಡಿಮೆ 600 ವೋಲ್ಟ್. ಇನ್ವರ್ಟರ್ ಮೋಟಾರಿಗೆ ಕೊಡುವುದು ನುಣುಪಾದ ಸೈನ್ ಅಲೆಯನ್ನಲ್ಲ, ಸೆಕೆಂಡಿಗೆ ಸಾವಿರಾರು ಸಲ ಸೊನ್ನೆಯಿಂದ 600ಕ್ಕೆ ಹಾರಿ ಇಳಿಯುವ ಚೌಕ ಅಲೆಗಳನ್ನು. ಕೇಬಲ್ಲಿನಲ್ಲಿ ಆ ಏಟು ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್ ಓಡುತ್ತದೆ. ವೋಲ್ಟೇಜ್ ಏರಲು ತೆಗೆದುಕೊಳ್ಳುವ ಸಮಯಕ್ಕಿಂತ ಅಲೆ ಮೋಟಾರಿಗೆ ಹೋಗಿ ಬರುವ ಸಮಯ ಹೆಚ್ಚಾದರೆ, ಮೋಟಾರಿನ ತುದಿಯಲ್ಲಿ ಹೋದ ಅಲೆ ಮತ್ತು ಮರಳುವ ಅಲೆ ಒಂದರ ಮೇಲೊಂದು ಕೂಡಿ ಹತ್ತಿರ ಹತ್ತಿರ ಎರಡರಷ್ಟಾಗುತ್ತವೆ. ಅಂದರೆ 1,200 ವೋಲ್ಟ್. ಹಳೇ ಡಬ್ಬದ ಸಿಲಿಕಾನ್ ಸ್ವಿಚ್ಚು, ಅಂದರೆ ಐಜಿಬಿಟಿ, 200 ನ್ಯಾನೋಸೆಕೆಂಡಿನಲ್ಲಿ (0.2 ಮೈಕ್ರೋಸೆಕೆಂಡ್) ಏರುತ್ತಿತ್ತು ಎಂದುಕೊಂಡರೆ ಈ ಕಾಟ 15 ಮೀಟರ್ ಕೇಬಲ್ ದಾಟಿದ ಮೇಲೆ ಪೂರ್ತಿಯಾಗಿ ಕಾಣುತ್ತದೆ. ಹೊಸ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಸ್ವಿಚ್ಚು 20 ನ್ಯಾನೋಸೆಕೆಂಡಿಗೇ ಏರಿದರೆ ಒಂದೂವರೆ ಮೀಟರಿಗೇ ಪೂರ್ತಿ. ನಿಮ್ಮ ರೈತರ ಬೋರಿಗೆ 600 ಅಡಿ ಕೇಬಲ್! ಅಷ್ಟು ಉದ್ದಕ್ಕೆ ಹಳೇದರಲ್ಲೂ ವೋಲ್ಟೇಜ್ ಎರಡರಷ್ಟಾಗುತ್ತಿತ್ತು, ನಿಜ. ಆದರೆ ಏರಿಕೆ ಚುರುಕಾದಷ್ಟೂ ವೈಂಡಿಂಗಿನ ಮೊದಲ ಕೆಲವು ಸುತ್ತುಗಳೇ ಆ ಏಟಿನ ಬಹುಪಾಲನ್ನು ಹೊರುತ್ತವೆ. ತಂತಿಯ ಮೇಲಿನ ಎನಾಮಲ್ ಲೇಪ ಸವೆಯುತ್ತದೆ, ಒಂದು ದಿನ ಎರಡು ಸುತ್ತು ಒಂದಾಗುತ್ತವೆ. ರಿವೈಂಡಿಂಗ್ ಅಂಗಡಿಯವರು ವೈರು ಕಳಪೆ ಅನ್ನುತ್ತಾರೆ, ಅಕ್ಕಪಕ್ಕದ ಹೊಲದವರು ವೋಲ್ಟೇಜು ಸರಿಯಿಲ್ಲ ಅನ್ನುತ್ತಾರೆ.

ಇದನ್ನು ಬರೆದರೆ ನಿಮ್ಮ ಮೂರನೇ ಪುಟ ತಾನೇ ತಿದ್ದುಪಡಿ ಕೇಳುತ್ತದೆ. ಅಲ್ಲಿ ‘ವೇಗವಾದ ಸ್ವಿಚಿಂಗ್’ ಅನ್ನು ಲಾಭಗಳ ಪಟ್ಟಿಯಲ್ಲಿ ಮೊದಲಿಗಿಟ್ಟಿದ್ದೀರಿ. ಡಬ್ಬವನ್ನು ತಣ್ಣಗಿಟ್ಟಿದ್ದೂ ಅದೇ ವೇಗ, ಮೋಟಾರು ಸುಟ್ಟಿದ್ದೂ ಅದೇ ವೇಗ. ಸ್ವಿಚ್ಚಿನ ವೇಗವನ್ನು ಹಿಡಿತದಲ್ಲಿಡುವ ಗೇಟ್ ರೆಸಿಸ್ಟರ್ ಹೆಚ್ಚಿಸಿ ನಿಧಾನ ಮಾಡಿದರೆ ಮೋಟಾರು ಉಳಿಯುತ್ತದೆ, ಬಿಸಿ ವಾಪಸ್ ಬರುತ್ತದೆ. ಏರಿಕೆಯನ್ನು ಕೇಬಲ್ಲಿಗೆ ಹೋಗುವ ಮೊದಲೇ ನಿಧಾನ ಮಾಡುವ ಫಿಲ್ಟರ್ ಹಾಕಿದರೆ ಎರಡೂ ಉಳಿಯುತ್ತವೆ, ಆದರೆ ಡಬ್ಬ ಚಿಕ್ಕದಾಗಿ ಉಳಿಸಿದ್ದ ಜಾಗ, ತೂಕ, ದುಡ್ಡಿನಲ್ಲಿ ಒಂದು ಪಾಲು ಫಿಲ್ಟರಿನ ತಾಮ್ರ ಮತ್ತು ಕಬ್ಬಿಣಕ್ಕೆ ಹೋಗುತ್ತದೆ. ವಿನ್ಯಾಸಕಾರರು ದಿನಾ ಮಾಡುವ ಈ ಲೆಕ್ಕಾಚಾರವೇ ನಿಮ್ಮ ವಿಷಯ. ನೀವು ಸವಾಲುಗಳನ್ನು ಒಂದು ಅಧ್ಯಾಯಕ್ಕೂ ಸಾಧನೆಗಳನ್ನು ಇನ್ನೊಂದಕ್ಕೂ ಪಾಲು ಹಂಚಿದ್ದರಿಂದ ಅವೆರಡೂ ಒಂದೇ ಮನೆಯವು ಅನ್ನುವುದೇ ಮರೆಯಾಗಿದೆ.

ಟ್ರಾನ್ಸಿಸ್ಟರನ್ನು ಕೆಆರ್‌ಎಸ್ ಗೇಟಿಗೆ ಹೋಲಿಸಿದ್ದು ಮೊದಲ ಸಲ ಓದಲು ಚೆನ್ನ, ಮೂರನೇ ಸಲಕ್ಕೆ ಅಡ್ಡಿ. ತೊಂದರೆ ಬರೀ ಪುನರಾವರ್ತನೆಯದ್ದಲ್ಲ. ಅಣೆಕಟ್ಟಿನ ಗೇಟು ಅರ್ಧ ತೆರೆದು ನಿಂತರೆ ಬಿಸಿಯಾಗುವುದಿಲ್ಲ. ಸ್ವಿಚ್ಚಿಗೆ ಗಂಡಾಂತರ ಇರುವುದೇ ಆ ಅರ್ಧದಲ್ಲಿ: ಪೂರ್ತಿ ಆಫ್ ಆದಾಗ ಕರೆಂಟಿಲ್ಲ, ಪೂರ್ತಿ ಆನ್ ಆದಾಗ ವೋಲ್ಟೇಜ್ ಹೆಚ್ಚಿಲ್ಲ, ನಡುವೆ ಎರಡೂ ಇರುತ್ತವೆ, ಬಿಸಿ ಹುಟ್ಟುವುದು ಅಲ್ಲೇ. 16 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 32,000 ಸಲ ಆ ನಡುವನ್ನು ದಾಟಬೇಕು. ವೇಗ ಯಾಕೆ ಬೇಕು ಅನ್ನುವುದನ್ನು ಹೇಳಬೇಕಾದ ಹೋಲಿಕೆಯೇ ಅದನ್ನು ಮುಚ್ಚಿಟ್ಟಿದೆ. ತೆಗೆದುಹಾಕಿ.

ದಕ್ಷತೆ 97ರಿಂದ 99 ಪ್ರತಿಶತಕ್ಕೆ ಏರಿತು ಎಂದು ಬರೆದಿದ್ದೀರಿ. ಓದುಗರು ‘ಎರಡೇ ತಾನೆ’ ಅಂದುಕೊಂಡು ಪುಟ ಮಗುಚುತ್ತಾರೆ. 5 ಕಿಲೋವ್ಯಾಟ್ ಡಬ್ಬದಲ್ಲಿ 150 ವ್ಯಾಟ್ ಬಿಸಿ 50ಕ್ಕೆ ಇಳಿಯಿತು, ಫ್ಯಾನ್ ಬೇಡವಾಯಿತು, ಧೂಳು ಒಳಗೆ ಹೋಗುವ ದಾರಿ ಮುಚ್ಚಿತು ಅನ್ನಿ. ಆಗ ಬೇಸಾಯಗಾರರಿಗೂ ತಲುಪುತ್ತದೆ.

ತಪ್ಪುಗಳೂ ಇವೆ. ಸಿಲಿಕಾನ್ ಕಾರ್ಬೈಡ್ ಮತ್ತು ಇನ್ನೊಂದು ಹೊಸ ಅರೆವಾಹಕವಾದ ಗ್ಯಾಲಿಯಂ ನೈಟ್ರೈಡ್ ಎರಡೂ ಸಿಲಿಕಾನಿಗಿಂತ ಮೂರು ಪಟ್ಟು ಶಾಖ ಸಾಗಿಸುತ್ತವೆ ಅಂದಿದ್ದೀರಿ. ಮೊದಲನೆಯದಕ್ಕೆ ಸರಿ. ಗ್ಯಾಲಿಯಂ ನೈಟ್ರೈಡ್ ಈ ವಿಷಯದಲ್ಲಿ ಸಿಲಿಕಾನಿನ ಆಸುಪಾಸಿನಲ್ಲೇ ಇದೆ. ಅದರ ಬಲ ಬೇರೆ ಕಡೆ, ನಿಮ್ಮ ಜೇಬಿನಲ್ಲಿ ಹಿಡಿಸುವ ಚಾರ್ಜರಿನಲ್ಲಿ. ದೊಡ್ಡ ಕರೆಂಟಿನ ಅರೆವಾಹಕ ಸ್ವಿಚ್ಚಾದ ಥೈರಿಸ್ಟರ್ 1947ರದ್ದಲ್ಲ, ಅದು ಟ್ರಾನ್ಸಿಸ್ಟರಿನ ವರ್ಷ. ಥೈರಿಸ್ಟರ್ ಬಂದದ್ದು 1957ರಲ್ಲಿ, ಜನರಲ್ ಎಲೆಕ್ಟ್ರಿಕ್‌ನಿಂದ. ಶಾರ್ಟ್ ಸರ್ಕ್ಯೂಟ್ ಆದಾಗ ಹೊಸ ಸ್ವಿಚ್ಚುಗಳು ‘ಇನ್ನೂ ಗಟ್ಟಿ’ ಅನ್ನುವುದು ತಲೆಕೆಳಗು. ಐಜಿಬಿಟಿ ಸಾಮಾನ್ಯವಾಗಿ ಹತ್ತು ಮೈಕ್ರೋಸೆಕೆಂಡ್ ತಡೆದರೆ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ಟುಗಳಲ್ಲಿ ಹಲವು ಎರಡು ಮೂರಕ್ಕೇ ಸೋಲುತ್ತವೆ. ಚಿಪ್ಪು ಚಿಕ್ಕದು, ಬಿಸಿ ಹರಡಲು ಜಾಗವಿಲ್ಲ.

ಡಿಸಿಯ ಏರಿಳಿತ ತಗ್ಗಿಸುವ ಕೆಪಾಸಿಟರ್ ಬಗ್ಗೆ ಒಂದು ಮಾತೂ ಇಲ್ಲದ್ದು ನನಗೆ ಆಶ್ಚರ್ಯ. ಹೊಲದಲ್ಲಿ ಬಿಸಿಲಿಗೆ ಕೂತ ಡಬ್ಬದಲ್ಲಿ ಮೊದಲು ಸಾಯುವವುಗಳಲ್ಲಿ ಎಲೆಕ್ಟ್ರೋಲೈಟಿಕ್ ಕೆಪಾಸಿಟರೂ ಒಂದಲ್ಲವೇ? 105 ಡಿಗ್ರಿಗೆ 2,000 ಗಂಟೆ ಆಯಸ್ಸು ಎಂದು ತಯಾರಕರು ಬರೆದಿರುವುದು, ಪ್ರತಿ ಹತ್ತು ಡಿಗ್ರಿ ಇಳಿದಂತೆ ಆಯಸ್ಸು ಎರಡರಷ್ಟು ಎಂಬ ಲೆಕ್ಕದಲ್ಲಿ, 85 ಡಿಗ್ರಿಗೆ 8,000 ಗಂಟೆ. ದಿನಕ್ಕೆ ಎಂಟು ಗಂಟೆ ಓಡಿದರೆ ಸಾವಿರ ದಿನ, ಮೂರು ವರ್ಷವೂ ತುಂಬುವುದಿಲ್ಲ. 65 ಡಿಗ್ರಿಯಲ್ಲಿಟ್ಟರೆ ಹತ್ತು ವರ್ಷ ದಾಟುತ್ತದೆ. ಕಂಟ್ರೋಲರನ್ನು ಪ್ಯಾನೆಲ್ಲಿನ ನೆರಳಿಗೆ ಹಾಕಿಸಿ ಎಂದು ರೈತರಿಗೆ ಹೇಳಲು ಇಷ್ಟು ಸಾಕು. ಬಾಕ್ಸ್ ಮಾಡಿ ಬೇರೆಯಾಗಿ ಹಾಕೋಣ.

ಶಿವನಸಮುದ್ರದ ಪೀಠಿಕೆ ಹೋಗಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ನಿಜ, ಹೆಮ್ಮೆಯದ್ದೂ ಹೌದು. ಆದರೆ ಮಂಡ್ಯದವರು ವಿದ್ಯುತ್ತಿನ ಬಗ್ಗೆ ಏನೇ ಬರೆದರೂ ಅಲ್ಲಿಗೆ ಹೋಗಿ ಕೈಮುಗಿದು ಬರಬೇಕೆಂಬ ಹರಕೆ ಇಲ್ಲ. ಎಲೆಕ್ಟ್ರಿಕ್ ಕಾರಿನ ಎರಡು ಪುಟವನ್ನು ಎರಡು ಸಾಲು ಮಾಡಿ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬೋರಿನ ಮೋಟಾರಿನ ಬಗ್ಗೆ ಬರೆಯುವವರು ನನಗೆ ಸಿಕ್ಕಿಲ್ಲ.

ಮತ್ತೆ ಕಳಿಸುವಾಗ 1,500 ಪದ ಮೀರದಿರಲಿ. ಫಿಲ್ಟರ್ ಹಾಕುವ ಮೊದಲು ಮತ್ತು ಆಮೇಲೆ ಮೋಟಾರಿನ ತುದಿಯಲ್ಲಿ, ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್ ಹಿಡಿದ ಚಿತ್ರಗಳಿದ್ದರೆ ಎರಡನ್ನೂ ಒಂದೇ ಸ್ಕೇಲಿನಲ್ಲಿ ಕಳಿಸಿ. ಇಲ್ಲದಿದ್ದರೆ ಸುಟ್ಟ ವೈಂಡಿಂಗಿನ ಫೋಟೋ ಸಾಕು, ಮೊದಲ ಸುತ್ತುಗಳು ಕಾಣುವ ಹಾಗಿರಲಿ. ಫಿಲ್ಟರಿನ ಖರ್ಚನ್ನು ಕೊನೆಗೆ ಕೊಟ್ಟವರು ಯಾರು, ನೀವೋ ರೈತರೋ, ಅದನ್ನೂ ಬರೆಯಿರಿ.

ಇತಿ,
ಸಂಪಾದಕ
ಮೈಸೂರು