ಲೀಸಾದ ನಿಜವಾದ ಕಷ್ಟ ಲೇಸರ್‌ನಲ್ಲಿಲ್ಲ, ಘನದಲ್ಲಿದೆ

ಲೀಸಾ ಎಂದರೆ ಗುರುತ್ವ ಅಲೆಗಳನ್ನು (ಭಾರಿ ಕಾಯಗಳ ಚಲನೆಯಿಂದ ದೇಶ-ಕಾಲದಲ್ಲಿ ಏಳುವ ತರಂಗಗಳನ್ನು) ಹಿಡಿಯಲು ಬಾಹ್ಯಾಕಾಶದಲ್ಲಿ ತ್ರಿಕೋನವಾಗಿ ಹಾರಲಿರುವ ಮೂರು ನೌಕೆಗಳ ಯೋಜನೆ. ಅದರ ಬಗ್ಗೆ ನೀವು ಕೇಳಿದ್ದು ಎರಡು. ಇದೇ ಅಲೆಗಳನ್ನು ಲೇಸರ್‌ನಿಂದ ಹಿಡಿಯುವ, ಅಮೆರಿಕದಲ್ಲಿರುವ ಲಿಗೊ ವೀಕ್ಷಣಾಲಯವನ್ನೇ ನೆಲದ ಮೇಲೆ ಇನ್ನೂ ಉದ್ದ ಕಟ್ಟಿದರೆ ಕಡಿಮೆ ಆವರ್ತನದ ಗುರುತ್ವ ಅಲೆಗಳು ಸಿಗವೇ? ಲೀಸಾದಲ್ಲಿ ಲೇಸರ್ 25 ಲಕ್ಷ ಕಿ.ಮೀ. ಆಚೆಯ ನೌಕೆಗೆ ಹೋಗಿ ಕನ್ನಡಿಗೆ ತಾಗಿ ವಾಪಸ್ ಬರುತ್ತದೆಯೇ?

ಮೊದಲನೆಯದಕ್ಕೆ ಉತ್ತರ: ಸಿಗುವುದಿಲ್ಲ. ನೆಲದ ಅದುರನ್ನು ತೂಗುಹಾಕಿದ ಕನ್ನಡಿಯಿಂದ ಬಹಳ ಮಟ್ಟಿಗೆ ತಡೆಯಬಹುದು. ಆದರೆ ಅದುರುವ ಮಣ್ಣಿನ, ಒತ್ತಡ ಬದಲಾಗುವ ಗಾಳಿಯ ಗುರುತ್ವವೇ ಕನ್ನಡಿಯನ್ನು ಎಳೆಯುತ್ತದಲ್ಲ, ಅದಕ್ಕೆ ಯಾವ ತಡೆಯೂ ಇಲ್ಲ. ಲೀಸಾಗೆ ಬೇಕಿರುವುದು ಸುಮಾರು 0.1 ಮಿಲಿಹರ್ಟ್ಸ್‌ನಿಂದ 1 ಹರ್ಟ್ಸ್. ಉದಾಹರಣೆಗೆ, ಎಚ್‌ಎಂ ಕ್ಯಾಂಕ್ರಿ ಎಂಬ ಜೋಡಿ ನಕ್ಷತ್ರದ ಎರಡು ಶ್ವೇತ ಕುಬ್ಜಗಳು (ಇಂಧನ ಮುಗಿದು ಕುಗ್ಗಿದ ನಕ್ಷತ್ರಗಳು) 5.4 ನಿಮಿಷಕ್ಕೊಂದು ಸುತ್ತು ಹಾಕುತ್ತವೆ. ಪ್ರತಿ ಸುತ್ತಿಗೂ ಎರಡು ಅಲೆಯಂತೆ ಲೆಕ್ಕ ಹಾಕಿ, 6.2 ಮಿಲಿಹರ್ಟ್ಸ್ ಬರುತ್ತದೆ.

ಎರಡನೆಯದು: ಪ್ರತಿಫಲನ ಸಾಧ್ಯವೇ ಇಲ್ಲ. 30 ಸೆಂ.ಮೀ. ದೂರದರ್ಶಕದಿಂದ ಸುಮಾರು 2 ವಾಟ್ ಕಳಿಸಿದರೂ ಕಿರಣ ಕಿಲೋಮೀಟರ್‌ಗಟ್ಟಲೆ ಹರಡಿ, ಆಚೆ ನೌಕೆಗೆ ಸಿಗುವುದು ನೂರಾರು ಪಿಕೋವಾಟ್ (ಪಿಕೋ ಎಂದರೆ ಲಕ್ಷ ಕೋಟಿಯಲ್ಲಿ ಹತ್ತನೇ ಒಂದು ಭಾಗ, 10⁻¹²). ಅದನ್ನು ತಿರುಗಿಸಿ ಕಳಿಸಿದರೆ ಏನೂ ಉಳಿಯದು. ಹಾಗಾಗಿ ಆ ನೌಕೆ ಬಂದ ಬೆಳಕಿನ ಹಂತಕ್ಕೆ (ಅಲೆಯ ಏರಿಳಿತದ ಸ್ಥಾನಕ್ಕೆ) ತನ್ನದೇ ಲೇಸರ್ ಹೊಂದಿಸಿ ಮರಳಿ ಕಳಿಸುತ್ತದೆ. ಒಂದು ದಾರಿಗೆ 8.3 ಸೆಕೆಂಡ್.

ಆದರೂ ನನ್ನ ಪ್ರಕಾರ ಅತಿ ಕಠಿಣ ಭಾಗ ಇದಲ್ಲ. ಅಳತೆ ನಡೆಯುವುದು ನೌಕೆಯೊಳಗೆ ಯಾವುದಕ್ಕೂ ತಾಗದೆ ತೇಲುವ, ದಾಳದಾಕಾರದ ಲೋಹದ ಘನಗಳ ನಡುವೆ. ಯಾವುದೇ ಉದ್ದವನ್ನು ಅದರ 10⁻²¹ ಪಾಲಿನಷ್ಟು ಬದಲಿಸುವ ಅಲೆ 25 ಲಕ್ಷ ಕಿ.ಮೀ.ನಲ್ಲಿ ತರುವ ವ್ಯತ್ಯಾಸ 2.5 ಪಿಕೋಮೀಟರ್. ಬೇರೆ ಯಾವ ಬಲವೂ ಘನವನ್ನು ಅಷ್ಟು ಸರಿಸಬಾರದು. 2015ರ ಡಿಸೆಂಬರ್‌ನಲ್ಲಿ ಹಾರಿದ, ಲೀಸಾಗೆ ಮುನ್ನದ ಪ್ರಯೋಗ ನೌಕೆ ಲೀಸಾ ಪಾತ್‌ಫೈಂಡರ್ ಪರೀಕ್ಷಿಸಿದ್ದು ಇದನ್ನೇ: 46 ಮಿ.ಮೀ. ಅಂಚಿನ, ಹತ್ತಿರಹತ್ತಿರ 2 ಕೆ.ಜಿ.ಯ ಎರಡು ಘನಗಳು, 38 ಸೆಂ.ಮೀ. ಅಂತರದಲ್ಲಿ. ಲೋಹ ಚಿನ್ನ-ಪ್ಲಾಟಿನಂ ಮಿಶ್ರಣ. ಎರಡರ ಕಾಂತೀಯ ಗುಣ ಪರಸ್ಪರ ವಿರುದ್ಧ, ಸರಿಯಾಗಿ ಬೆರೆಸಿದರೆ ಹೆಚ್ಚುಕಡಿಮೆ ಸೊನ್ನೆ.

ಕೆಡುವುದು ಎಲ್ಲಿ? ಉಡಾವಣೆಯಲ್ಲಿ ಘನವನ್ನು ಬಿಗಿಹಿಡಿದ ಬೆರಳುಗಳಿಗೆ ಚಿನ್ನ ಅಂಟಿಕೊಳ್ಳುತ್ತದೆ. ಬಿಡುವಾಗ ಒಂದಿಷ್ಟು ವೇಗ ಉಳಿದುಬಿಡುತ್ತದೆ. ಪಾತ್‌ಫೈಂಡರ್‌ನಲ್ಲಿ ಅದು ಎಣಿಸಿದ್ದಕ್ಕಿಂತ ಹೆಚ್ಚೇ ಇತ್ತು. ವಿಶ್ವಕಿರಣಗಳು ಘನಕ್ಕೆ ವಿದ್ಯುದಾವೇಶ ತುಂಬುತ್ತವೆ, ಸುತ್ತಲಿನ ಗೋಡೆ ಎಳೆಯತೊಡಗುತ್ತದೆ; ಅತಿನೇರಳೆ ದೀಪದಿಂದ ಎಲೆಕ್ಟ್ರಾನ್ ಹೊರದೂಡಿ ಅದನ್ನು ಇಳಿಸಬೇಕು. ಉಳಿದ ಅನಿಲದ ಅಣುಗಳ ಹೊಡೆತ ಮೂರನೆಯದು. ಒಳಭಾಗವನ್ನು ಬಾಹ್ಯಾಕಾಶಕ್ಕೇ ತೆರೆದಿಟ್ಟಿದ್ದರಿಂದ ಅದು ತಿಂಗಳು ಕಳೆದಂತೆ ಇಳಿಯಿತು. ಸೂರ್ಯನ ಬೆಳಕಿನ ಒತ್ತಡಕ್ಕೆ ಘನ ಸಿಗುವುದಿಲ್ಲ, ನೌಕೆಯೇ ಸಿಗುತ್ತದೆ. ಮೈಕ್ರೋನ್ಯೂಟನ್ ಪ್ರಮಾಣದ ಪುಟ್ಟ ಜೆಟ್‌ಗಳಿಂದ ನೌಕೆ ಘನವನ್ನು ಹಿಂಬಾಲಿಸಬೇಕೇ ಹೊರತು ಘನವನ್ನು ತಳ್ಳಬಾರದು. ಫಲಿತಾಂಶ ಬೇಡಿಕೆಯನ್ನೂ ಮೀರಿ ಚೆನ್ನಾಗಿತ್ತು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಲೀಸಾಗೆ ಒಪ್ಪಿಗೆ ಕೊಟ್ಟದ್ದರ ಹಿಂದೆ ಇದರ ಪಾಲು ದೊಡ್ಡದು. ಉಡಾವಣೆ 2035ಕ್ಕೆ ಗೊತ್ತಾಗಿದೆ.

ಇನ್ನೊಂದು ತೊಡಕೂ ಇದೆ: ಮೂರು ನೌಕೆಗಳ ತ್ರಿಕೋನದ ಬಾಹುಗಳು ಸಮ ಇರುವುದಿಲ್ಲ, ಬದಲಾಗುತ್ತಲೂ ಇರುತ್ತವೆ. ಹೀಗಾಗಿ ಲೇಸರ್‌ನ ಆವರ್ತನ ಏರಿಳಿತ ಲಿಗೊದಂತೆ ತಾನಾಗಿ ರದ್ದಾಗದು. ಪ್ರತಿ ಬಾಹುವಿನ ಅಳತೆಯನ್ನು ಬೆಳಕಿನ ಪಯಣದ ಕಾಲದಷ್ಟು ತಡವಾಗಿಸಿ, ನೆಲದ ಗಣಕದಲ್ಲಿ ಕೂಡಿ ಕಳೆದು ತೆಗೆಯುತ್ತಾರೆ.