ಪೇಪರ್ ಸಿಗದೇ ಇರೋದು ನಿಮ್ಮ ಸಮಸ್ಯೆ ಅಲ್ಲ

ಬಾಗಲಕೋಟೆಯ ಖಾಸಗಿ ಕಾಲೇಜಿನಲ್ಲಿ ಪಿಎಚ್‌ಡಿ ಮೊದಲ ವರ್ಷ, ಗೈಡ್ 100 ಸಂಶೋಧನಾ ಪೇಪರ್ ಓದಿ ಬಾ ಅಂದಿದ್ದಾರೆ, ಪ್ರಕಾಶಕರು ಒಂದೊಂದಕ್ಕೆ 30-40 ಡಾಲರ್ ಕೇಳ್ತಾರೆ, ಎಲ್ಲಿಂದ ತರಲಿ? ಇದು ನಿಮ್ಮ ಪ್ರಶ್ನೆ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ತಾ ಓಡಾಡಿದವಳು.

2015ರ ದಸರಾ ರಜೆಯಲ್ಲಿ ಬ್ಯಾಗಿಗೆ ಒಂದು ಹಾರ್ಡ್ ಡಿಸ್ಕ್ ಹಾಕ್ಕೊಂಡು ವಿಜಯಪುರದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಸಂಶೋಧನಾ ಪತ್ರಿಕೆಗಳಿಗೆ (ಜರ್ನಲ್) ಚಂದಾ ಕಟ್ಟಿದ್ದ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಗೆಳತಿ ಇದ್ದಳು. ಅವಳ ಪಕ್ಕ ಕೂತು ಎರಡು ದಿನದಲ್ಲಿ 1,140 ಪಿಡಿಎಫ್ ಇಳಿಸಿಕೊಂಡೆ. (ಹೀಗೆ ಒಂದೇ ಸಮ ಇಳಿಸಿದರೆ ಪ್ರಕಾಶಕರು ಆ ಇಡೀ ಸಂಸ್ಥೆಗೇ ಬಾಗಿಲು ಹಾಕಬಹುದು. ಆಗ ಗೊತ್ತಿರಲಿಲ್ಲ. ನೀವು ಮಾಡಬೇಡಿ.) ವಾಪಸ್ ಬರುವಾಗ ಹಗೇವಿಗೆ ಜೋಳ ತುಂಬಿಟ್ಟಷ್ಟು ನೆಮ್ಮದಿ.

ನನ್ನ ವಿಷಯ ಒಣದ್ರಾಕ್ಷಿ, ನಮ್ಮ ಕಡೆಯ ಮಣೂಕ. ದ್ರಾಕ್ಷಿಯ ಸಿಪ್ಪೆ ಮೇಲೆ ಮೇಣದಂಥ ಪದರ ಇರುತ್ತೆ, ಅದು ನೀರನ್ನು ಬೇಗ ಹೊರಗೆ ಬಿಡೋದಿಲ್ಲ. ಅದಕ್ಕೇ ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಎಂಎಲ್ ಡಿಪ್ಪಿಂಗ್ ಆಯಿಲ್ (ಹಣ್ಣು ಅದ್ದೋಕೆ ಅಂತಲೇ ಬಳಸೋ ಎಣ್ಣೆ) ಹಾಕಿ, ಗೊನೆಗಳನ್ನು ಅದರಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡ್ತಾರೆ. ಈ ಎಣ್ಣೆಯನ್ನು ಎಷ್ಟು ಕಡಿಮೆ ಮಾಡಬಹುದು ಅನ್ನೋದು ನನ್ನ ಪ್ರಯೋಗ.

2016ರ ಫೆಬ್ರುವರಿ. ತಿಕೋಟಾ ಹತ್ತಿರದ ಒಂದು ಶೆಡ್. ಬೆಳಿಗ್ಗೆ ಒಂದು ಟಬ್ ದ್ರಾವಣ ಕಲಸೋದು, ಸಂಜೆತನಕ ಅದರಲ್ಲೇ ಕ್ರೇಟ್ ಮೇಲೆ ಕ್ರೇಟ್ ಅದ್ದೋದು. ಮಧ್ಯಾಹ್ನದ ಹೊತ್ತಿಗೆ ಟಬ್ಬಿನ ನೀರು ಮಜ್ಜಿಗೆ ಬಣ್ಣ ಹೋಗಿ ಕಂದಾಗಿರ್ತಿತ್ತು, ಮೇಲೆ ಎಲೆ, ಕಡ್ಡಿ ತೇಲ್ತಿದ್ದವು. ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಎರಡು ಸಲ ಹೇಳಿದಳು: ‘ಅಕ್ಕಾರ, ಎಣ್ಣಿ ಸೋತೈತ್ರಿ.’ ನಾನು ನಕ್ಕೆ. ನನ್ನ ಹತ್ತಿರ 1,140 ಪೇಪರ್ ಇದ್ದವಲ್ಲ!

ಜೂನ್‌ನಲ್ಲಿ ಸೆಮಿನಾರ್. ನನ್ನ ಗ್ರಾಫ್ ನೋಡಿ ಹೊರಗಿನಿಂದ ಬಂದ ಪ್ರೊಫೆಸರ್ ಕೇಳಿದ್ದು ಒಂದೇ ಮಾತು: ‘ಒಂದು ಟಬ್ಬಿಗೆ ಎಷ್ಟು ಕ್ರೇಟ್?’ ನಲವತ್ತು ಅಂದೆ. ‘ಮೊದಲನೇ ಕ್ರೇಟಿಗೂ ನಲವತ್ತನೇ ಕ್ರೇಟಿಗೂ ಒಂದೇ ದ್ರಾವಣ ಅಂತ ಹೇಗೆ ಹೇಳ್ತೀರಿ?’ ಉತ್ತರ ಇರಲಿಲ್ಲ.

ಆ ರಾತ್ರಿ ಹಾರ್ಡ್ ಡಿಸ್ಕ್ ತೆಗೆದು ಹುಡುಕಿದೆ. ಅದೇ ವಿಷಯದ ಪೇಪರ್ ನನ್ನ ಹತ್ತಿರವೇ ಇತ್ತು. ಫೈಲಿಗೆ ನಾನು ಹೆಸರು ಸಹ ಇಟ್ಟಿರಲಿಲ್ಲ, ಇಳಿಸಿದಾಗ ಬಂದ ಉದ್ದನೆಯ ನಂಬರೇ ಇತ್ತು. ಪೇಪರಿನ ಶುರುವಿನಲ್ಲಿ ಬರೋ ಸಾರಾಂಶಕ್ಕೆ, ಅಂದರೆ ಅಬ್‌ಸ್ಟ್ರಾಕ್ಟಿಗೆಲ್ಲ, ಹಳದಿ ಬಳಿದಿದ್ದೆ. ಎರಡು ಪುಟ ಆಚೆ, ಪ್ರಯೋಗ ಹೇಗೆ ಮಾಡಿದರು ಅಂತ ಬರೆಯೋ ಮೆಥಡ್ಸ್ ಭಾಗದಲ್ಲಿ, ಅರ್ಧ ಸಾಲು: ಪ್ರತಿ ಬ್ಯಾಚಿಗೂ ಹೊಸ ದ್ರಾವಣ ಬಳಸಲಾಗಿದೆ. ಅಲ್ಲಿಗೆ ನನ್ನ ಹಳದಿ ಬಂದೇ ಇರಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ಎಲ್ಲರೂ ಎಡವೋದು ಇಲ್ಲೇ. ಅಬ್‌ಸ್ಟ್ರಾಕ್ಟ್ ಸುಳ್ಳು ಹೇಳಿರಲಿಲ್ಲ. ಎಣ್ಣೆಯ ಪ್ರಮಾಣ, ಒಣಗಿದ ದಿನ, ಬಣ್ಣ ಎಲ್ಲ ಅಲ್ಲಿತ್ತು. ಆದರೆ ಅದು ‘ಏನು ಸಿಕ್ಕಿತು’ ಅಂತ ಹೇಳುತ್ತೆ, ‘ಏನು ಮಾಡಿದ್ದಕ್ಕೆ ಸಿಕ್ಕಿತು’ ಅಂತ ಹೇಳೋದಿಲ್ಲ. ನಾನು ಮೊದಲನೆಯದನ್ನು ಓದಿ ಎರಡನೆಯದೂ ಗೊತ್ತಾಯ್ತು ಅಂದುಕೊಂಡೆ. ದ್ರಾಕ್ಷಿ ವರ್ಷಕ್ಕೊಮ್ಮೆ ಬರೋ ಬೆಳೆ. ಜೂನ್‌ನಲ್ಲಿ ತಪ್ಪು ಗೊತ್ತಾದರೆ ತಿದ್ದೋಕೆ ಮುಂದಿನ ಫೆಬ್ರುವರಿವರೆಗೆ ಕಾಯಬೇಕು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಆ ವರ್ಷ ಟ್ಯೂಷನ್ ಹೇಳಿ ಹೊಟ್ಟೆ ಹೊರೆದೆ.

ಹಾಗಾಗಿ 100 ಪೇಪರ್ ಹುಡುಕೋದು ಬಿಡಿ. ಗೈಡ್ ಹೇಳಿದ್ದರೂ ಬಿಡಿ. ನಿಮ್ಮ ಪ್ರಯೋಗಕ್ಕೆ ತೀರ ಹತ್ತಿರದ 12 ಹಿಡಿಯಿರಿ. ಮೊದಲು ಚಿತ್ರ, ಟೇಬಲ್ ನೋಡಿ, ಆಮೇಲೆ ಮೆಥಡ್ಸ್. ಅದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ, ಅಡುಗೆ ಹೇಳಿಕೊಟ್ಟ ಹಾಗೆ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತೋ ಅಲ್ಲಿ ನಿಮಗೆ ಅರ್ಥ ಆಗಿಲ್ಲ. ಎಐಗೆ ಕೊಟ್ಟು ಸಾರಾಂಶ ತೆಗೆಸೋದೂ ನನ್ನ ಹಳದಿ ಪೆನ್ನಿನ ಕಥೆನೇ, ಸುಮ್ನೆ ಸಮಾಧಾನ.

12 ಪೇಪರ್ ತರೋದು ಕಷ್ಟ ಅಲ್ಲ. ಕೇಂದ್ರ ಸರ್ಕಾರವೇ ಸಂಸ್ಥೆಗಳ ಪರವಾಗಿ ಜರ್ನಲ್‌ಗಳ ಚಂದಾ ಕಟ್ಟೋ ಯೋಜನೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ 2025ರ ಜನವರಿಯಿಂದ ನಡೀತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಆದರೆ ಅದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ. ನಿಮ್ಮದು ಖಾಸಗಿ ಅಲ್ವಾ, ಕಾಲೇಜಿನ ಲೈಬ್ರರಿಯನ್ ಹತ್ತಿರ ಒಮ್ಮೆ ವಿಚಾರಿಸಿ. ಸರ್ಕಾರಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ಓದೋಕೆ ಬಿಡ್ತಾರಾ ಅಂತಲೂ ಕೇಳಿ. ಬ್ರೌಸರಿಗೆ ಅನ್‌ಪೇವಾಲ್ (Unpaywall) ಅನ್ನೋ ಉಚಿತ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ. ಲೇಖಕರೇ ಎಲ್ಲಾದರೂ ಉಚಿತ ಪ್ರತಿ ಇಟ್ಟಿದ್ದರೆ ಅದು ತೋರಿಸುತ್ತೆ.

ಅದೂ ಆಗದಿದ್ದರೆ ಪೇಪರ್ ಬರೆದವರಿಗೇ ಮೇಲ್ ಹಾಕಿ. ಆ 30 ಡಾಲರ್ ಹೋಗೋದು ಪ್ರಕಾಶಕರಿಗೆ, ಬರೆದವರಿಗೆ ಒಂದು ಪೈಸೆನೂ ಇಲ್ಲ. ತಮ್ಮ ಕೆಲಸವನ್ನು ಯಾರೋ ಓದ್ತಾರೆ ಅಂದರೆ ಅವರಿಗೆ ಖುಷಿನೇ. ಮೊದಲ ಪುಟದಲ್ಲಿ ಕರೆಸ್ಪಾಂಡಿಂಗ್ ಆಥರ್ ಅಂತ ಇಮೇಲ್ ಇರುತ್ತೆ. ನೀವು ಯಾರು, ಯಾವ ಪೇಪರ್, ಯಾಕೆ ಬೇಕು, ಮೂರೇ ಸಾಲು ಸಾಕು. ನಾನು ಎರಡನೇ ಸೀಸನ್ನಿಗೆ ಮುಂಚೆ ಹೀಗೆ ಒಂಬತ್ತು ಜನಕ್ಕೆ ಬರೆದೆ. ಆರು ಜನ ಕಳಿಸಿದರು. ಒಬ್ಬರು ಪೇಪರ್ ಜೊತೆಗೆ ಅದ್ದುವ ಟಬ್ಬಿನ ಫೋಟೋ ಕೂಡ ಕಳಿಸಿದ್ದರು, ಪಕ್ಕದಲ್ಲಿ ದ್ರಾವಣದ ಕ್ಷಾರ ಅಳೆಯೋ ಪಿಎಚ್ ಮೀಟರ್ ಇಟ್ಟುಕೊಂಡು.

ನಿಮ್ಮ ವಿಷಯ ಏನು ಅಂತ ಬರೆದಿಲ್ಲ. ದ್ರಾಕ್ಷಿ ಆಗಿದ್ದರೆ ತಿಳಿಸಿ, ನನ್ನ ಆ ನೋಟ್‌ಬುಕ್ ಇನ್ನೂ ಇದೆ.