ಅಪಸ್ಮಾರವಿರುವ ಮಗನಿಗೆ ಕಿವಿ ಸರಿಯಿದ್ದೂ ಮಾತು ಹಿಡಿಯದಿರುವುದೇಕೆ?

ನಿಮ್ಮ 12 ವರ್ಷದ ಮಗನಿಗೆ ಅಪಸ್ಮಾರವಿದೆ, ಕಿವಿಯ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ, ಆದರೂ ತರಗತಿಯಲ್ಲಿ ವೇಗವಾಗಿ ಹೇಳಿದ್ದು ಅವನಿಗೆ ಹಿಡಿಯುವುದಿಲ್ಲ. ಇದಕ್ಕೂ ಫಿಟ್ಸಿಗೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಇರುವ ಸಾಧ್ಯತೆ ಖಂಡಿತ ಇದೆ. ಮಂಗಳೂರಿನಲ್ಲಿ ಶ್ರವಣ ಪರೀಕ್ಷೆಯ ಕೆಲಸ ಮಾಡುವ ನಾನು ಇದೇ ಮಾತನ್ನು ಹಲವು ತಾಯಂದಿರಿಂದ ಕೇಳಿದ್ದೇನೆ.

ಎಷ್ಟು ಸಣ್ಣ ದನಿ ಕೇಳಿಸುತ್ತದೆ ಎಂಬುದನ್ನಷ್ಟೇ ಕಿವಿಯ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್ ಹೇಳುತ್ತದೆ. ದನಿ ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ನಡುವೆ ಎಷ್ಟು ಮೌನವಿತ್ತು ಎಂಬ ಲೆಕ್ಕ ಮಿದುಳಿನದು. ‘ಕತೆ’, ‘ಕತ್ತೆ’ ಎಂದು ಒಮ್ಮೆ ನಿಧಾನವಾಗಿ ಹೇಳಿ ನೋಡಿ: ನಾಲಿಗೆ ಹಲ್ಲಿಗೆ ಒತ್ತಿ ನಿಂತಾಗಿನ ಮೌನ ಎರಡನೆಯದರಲ್ಲಿ ತುಸು ಉದ್ದ, ಮುಖ್ಯ ವ್ಯತ್ಯಾಸವೇ ಅದು. ‘ಬಳೆ’, ‘ಬಾಳೆ’ಗಳ ನಡುವಿನದು ಸ್ವರದ ಉದ್ದ. ಕನ್ನಡವನ್ನು ಅರಿಯುವುದೆಂದರೆ ಇಂಥ ಕಾಲವನ್ನು ಕ್ಷಣಕ್ಷಣವೂ ಅಳೆಯುವುದು.

ಈ ಅಳತೆಯಲ್ಲಿ ಮುಖ್ಯ ಪಾತ್ರ ವಹಿಸುವ ಶ್ರವಣ ಭಾಗವಿರುವುದು ಕಿವಿಯ ಮೇಲ್ಬದಿಯಲ್ಲಿರುವ, ಟೆಂಪೊರಲ್ ಲೋಬ್ ಎಂಬ ಮಿದುಳಿನ ಭಾಗದಲ್ಲಿ. ಅಪಸ್ಮಾರ ಹುಟ್ಟುವ ಸಾಮಾನ್ಯ ಜಾಗಗಳಲ್ಲಿ ಅದೂ ಒಂದು. ಫಿಟ್ಸ್ ಬಾರದ ಹೊತ್ತಿನಲ್ಲಿಯೂ ಇಇಜಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ, 20ರಿಂದ 70 ಮಿಲಿಸೆಕೆಂಡಿನ ಸ್ಪೈಕುಗಳು (ಮೊಳೆಯಂತೆ ಥಟ್ಟನೆ ಏಳುವ ಅಲೆಗಳು), 200 ಮಿಲಿಸೆಕೆಂಡಿನವರೆಗಿನ ಚೂಪು ಅಲೆಗಳು ಕಾಣಿಸಿಕೊಳ್ಳಬಹುದು. ಮಾತಿನ ಒಂದು ಅಕ್ಷರಕ್ಕೆ ಹಿಡಿಯುವ ಸಮಯವೂ ಸುಮಾರು ಅಷ್ಟೇ. ಪ್ರತಿ ಸ್ಪೈಕೂ ಒಂದು ಅಕ್ಷರವನ್ನು ನುಂಗುತ್ತದೆ ಎನ್ನಲಾಗದು, ಎಲ್ಲ ಬಗೆಯ ಅಪಸ್ಮಾರದಲ್ಲೂ ಹೀಗಾಗುವುದಿಲ್ಲ. ಆದರೆ ಟೆಂಪೊರಲ್ ಲೋಬಿನ ಅಪಸ್ಮಾರವಿರುವ ಹಲವರಲ್ಲಿ ಈ ಲೆಕ್ಕ ಒರಟಾಗುತ್ತದೆ.

ಇದನ್ನು ಅಳೆಯುವ ಪರೀಕ್ಷೆಯ ಹೆಸರು ‘ಗ್ಯಾಪ್ಸ್ ಇನ್ ನಾಯ್ಸ್’. ಹೆಡ್‌ಫೋನಿನಲ್ಲಿ ಜೋರು ಮಳೆಯಂಥ ಸದ್ದು 6 ಸೆಕೆಂಡು ಬರುತ್ತದೆ. ನಡುವೆ 2ರಿಂದ 20 ಮಿಲಿಸೆಕೆಂಡು ಅದು ಕಡಿದುಹೋದಾಗ ಮಗು ಗುಂಡಿ ಒತ್ತಬೇಕು. ಸಾಮಾನ್ಯವಾಗಿ 5 ಮಿಲಿಸೆಕೆಂಡಿನ ಆಸುಪಾಸಿನ ಕಡಿತವೂ ತಿಳಿಯುತ್ತದೆ. ಉಡುಪಿ ಕಡೆಯ ಹುಡುಗಿಯೊಬ್ಬಳು 20ಕ್ಕೆ, 15ಕ್ಕೆ ಒತ್ತಿದಳು; 10ಕ್ಕೆ ಅವಳ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು. ಗಾಜಿನಾಚೆಯಿಂದ ನೋಡುತ್ತಿದ್ದ ತಾಯಿ, ‘ಗಮನವಿಲ್ಲ’ ಎಂದು ಅವಳನ್ನು ಎಷ್ಟು ಬೈದಿದ್ದೆ ಎಂದು ಕಣ್ಣೊರೆಸಿಕೊಂಡರು. ದಯವಿಟ್ಟು ನಿಮ್ಮ ಮಗನನ್ನು ಹಾಗೆ ಬೈಯಬೇಡಿ.

ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಸ್ವರದ ಶ್ರುತಿ ತುಸು ತಗ್ಗಿ ಕೇಳಿಸುವುದುಂಟು. ಅವನಿಗೂ ಹಾಗಾಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಮೊದಲು ಅರ್ಥವಾಗುತ್ತಿದ್ದ ಮಾತೇ ಈಗ ಅರ್ಥವಾಗದೆ ಹೋಗುತ್ತಿದ್ದರೆ ತಡಮಾಡದೆ ನರರೋಗ ತಜ್ಞರನ್ನು ಕಂಡು, ನಿದ್ದೆಯಲ್ಲಿ ತೆಗೆಯುವ ಇಇಜಿ ಬೇಕೇ ಎಂದು ಕೇಳಿ. ಏಕೆಂದರೆ 1957ರಲ್ಲಿ ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬಿಬ್ಬರು ತಜ್ಞರು ವಿವರಿಸಿದ ವಿರಳ ಕಾಯಿಲೆಯಲ್ಲಿ ಕಿವಿ ಸರಿಯಿದ್ದರೂ ಮಕ್ಕಳು ಮಾತಿನ ಅರಿವನ್ನೇ ಕಳೆದುಕೊಳ್ಳುತ್ತಾರೆ.

ಶ್ರವಣ ತಜ್ಞರಲ್ಲಿಗೆ ಹೋಗುವಾಗ ಹಳೆಯ ಇಇಜಿ ವರದಿಯನ್ನೂ ಒಯ್ಯಿರಿ. ಅಲ್ಲಿಯವರೆಗೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು, ಒಂದೊಂದು ವಾಕ್ಯದ ಬಳಿಕ ತುಸು ನಿಲ್ಲಿಸಿ ಹೇಳಲು ಶಿಕ್ಷಕರನ್ನು ಕೇಳಿಕೊಳ್ಳಿ; ಹಂಚಿನ ಮಾಡಿನ ಮೇಲೆ ಮಳೆ ಸುರಿಯುವ ದಿನಗಳಲ್ಲಿ ಹೇಳಿದ್ದನ್ನು ಹಲಗೆಯ ಮೇಲೂ ಬರೆದರೆ ಅವನಿಗೆ ಬಹಳ ಸಹಾಯವಾಗುತ್ತದೆ.